ತಲೆಯ ಪೆಟ್ಟು ಮತ್ತು ಕಾರ್ಯಕ್ಷೇತ್ರಕ್ಕೆ ಪುನರಾಗಮನ: ಕೊಡಗನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ತಲೆಗೆ ಬಲವಾದ ಪೆಟ್ಟು ತಗುಲಿದವನನ್ನು ಎಷ್ಟು ದಿವಸ ಮಲಗಿಸಿರಬೇಕು, ಯಾವಾಗ ಎಬ್ಬಿಸಬೇಕು, ಯಾವಾಗ ಅವನ ಕೆಲಸಕ್ಕೆ ಕಳುಹಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕೇವಲ ವೈದ್ಯರಿಗೆ ಸಂಬಂಧಪಟ್ಟದ್ದಾಗಿ ತೋರುತ್ತದೆ. ಚರಿತ್ರೆಯ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇದಕ್ಕೇನು ಎಡೆ ಎಂದು ವಾಚಕರು ಕೇಳಬಹುದು. ಉತ್ತರವಿಷ್ಟೆ: ಈ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ಉತ್ತರ ನಮ್ಮ ಕಣ್ಣೆದುರಿನಲ್ಲಿಯೇ ಬದಲಾಗಿದೆ, ಆದರೆ ಹಳೆಯ ಉತ್ತರ ಮನೆಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ತಿಳಿವಳಿಕೆಯೊಂದು ಹೇಗೆ ಹುಟ್ಟಿತು, ಹೇಗೆ ತಿದ್ದಲ್ಪಟ್ಟಿತು ಎಂಬುದನ್ನು ವಿವರಿಸುವುದು ಚರಿತ್ರಕಾರನ ಕರ್ತವ್ಯವೇ ಆಗಿದೆ.

ಕೊಡಗಿನಲ್ಲಿ ಈ ವಿಷಯಕ್ಕೆ ವಿಶೇಷವಾದ ಪ್ರಾಶಸ್ತ್ಯವುಂಟು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಮೊದಲಾದವರನ್ನು ಭಾರತದ ಹಾಕಿ ತಂಡಕ್ಕೆ ಕೊಟ್ಟ ನಾಡು ಇದು. 1997ರಲ್ಲಿ ವಿರಾಜಪೇಟೆಯ ಬಳಿಯ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 60 ಕುಟುಂಬಗಳೊಡನೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳನ್ನು ಒಟ್ಟುಗೂಡಿಸಿ ಗಿನ್ನೆಸ್ ದಾಖಲೆಯ ಪುಟವನ್ನೇರಿತು. ಒಂದೇ ಒಕ್ಕದ ಹಿರಿಯರೂ ಹೆಂಗಸರೂ ಮಕ್ಕಳೂ ಒಂದೇ ತಂಡದಲ್ಲಿ ಆಡಬಹುದಾದುದು ಈ ಉತ್ಸವದ ಸೊಗಸು. ಆದರೆ ಹಾಕಿಯ ಚೆಂಡು 156ರಿಂದ 163 ಗ್ರಾಂ ತೂಕದ ಗಟ್ಟಿಯಾದ ಗೋಲ. ಅದಕ್ಕೆ ವಯಸ್ಸಿನ ಭೇದ ತಿಳಿಯದು. ಮೈದಾನವನ್ನು ಬಿಟ್ಟರೂ, ಕರಿಮೆಣಸಿನ ಕೊಯಿಲಿನ ಕಾಲದಲ್ಲಿ ಎತ್ತರದ ಮರಗಳಿಗೆ ಏಣಿ ಹಾಕಿ ಹತ್ತುವ ಕಾರ್ಮಿಕರು, ಮಳೆಗಾಲದ ಜಾರುವ ತಿರುವುಗಳಲ್ಲಿ ದ್ವಿಚಕ್ರ ವಾಹನ ನಡೆಸುವವರು, ಇವರೆಲ್ಲರೂ ಈ ಅಪಾಯಕ್ಕೆ ಒಳಪಟ್ಟವರೇ.

ಇಂಗ್ಲಿಷಿನಲ್ಲಿ 'ಕನ್ಕಷನ್' ಎನ್ನಲಾಗುವ ಈ ಸ್ಥಿತಿಯನ್ನು ನಾವಿಲ್ಲಿ 'ಮಿದುಳಿನ ಅಲುಗಾಟ' ಎಂದು ಕರೆಯೋಣ. ಮೂಲ ಲ್ಯಾಟಿನ್ ಪದದ ಅರ್ಥವೂ ಬಲವಾಗಿ ಅಲುಗಿಸುವುದೆಂದೇ. ತಲೆಯ ಗಾಯ ಪ್ರಾಣಾಂತಿಕವೆಂಬ ಅರಿವು ನಮ್ಮಲ್ಲಿ ಬಹಳ ಪ್ರಾಚೀನವಾದುದು. ಸುಶ್ರುತ ಸಂಹಿತೆ ಎಣಿಸಿದ 107 ಮರ್ಮಗಳಲ್ಲಿ ತಲೆಯ ಅಧಿಪತಿ, ಶಂಖ ಮೊದಲಾದವು ಸದ್ಯಃಪ್ರಾಣಹರಗಳ ವರ್ಗಕ್ಕೆ ಸೇರಿವೆ. ಆದರೆ ತಲೆಬುರುಡೆ ಒಡೆಯದೆಯೇ, ಕಣ್ಣಿಗೆ ಕಾಣುವ ಗಾಯವಿಲ್ಲದೆಯೇ ಮಿದುಳಿನ ವ್ಯಾಪಾರ ತಾತ್ಕಾಲಿಕವಾಗಿ ಕೆಡಬಹುದೆಂಬುದನ್ನು ಬೇರೆಯಾಗಿ ಗುರುತಿಸಿದ ಕೀರ್ತಿ 10ನೆಯ ಶತಮಾನದ ಆದಿಭಾಗದಲ್ಲಿದ್ದ ಪಾರಸೀಕ ವೈದ್ಯ ಅಲ್ ರಾಝಿಗೆ ಸಲ್ಲುತ್ತದೆ. 1296ರಲ್ಲಿ ತನ್ನ ಶಸ್ತ್ರವೈದ್ಯ ಗ್ರಂಥವನ್ನು ಮುಗಿಸಿದ ಮಿಲಾನಿನ ಲಾನ್‌ಫ್ರಾಂಕ್ ಈ ಅಭಿಪ್ರಾಯವನ್ನು ಯೂರೋಪಿನಲ್ಲಿ ನೆಲೆಗೊಳಿಸಿದನು.

ಇಂದಿನ ಶಾಸ್ತ್ರ ಇದರ ಒಳಗುಟ್ಟನ್ನು ಮತ್ತಷ್ಟು ಬಿಡಿಸಿದೆ. ಪೆಟ್ಟಿನ ರಭಸಕ್ಕೆ ಮಿದುಳಿನ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಹರಿದು ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಆ ಸಮತೋಲವನ್ನು ಮರಳಿ ಸ್ಥಾಪಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು. ಅದೇ ವೇಳೆಯಲ್ಲಿ ರಕ್ತದ ಪೂರೈಕೆ ಮಾತ್ರ ಕಡಮೆಯಾಗಿರುತ್ತದೆ. ಹೀಗೆ ಆಯಕ್ಕಿಂತ ವ್ಯಯ ಮೀರಿದ ಮನೆಯಂತಾಗುತ್ತದೆ ಮಿದುಳಿನ ಸ್ಥಿತಿ. ಇದು ರಚನೆಯ ಒಡಕಲ್ಲ, ವ್ಯಾಪಾರದ ತೊಡಕು. ಆದುದರಿಂದಲೇ ಸಿ. ಟಿ. ಚಿತ್ರದಲ್ಲಿ ಏನೂ ಕಾಣಿಸದೆ ಇರುವುದು ಸಾಮಾನ್ಯ. ಆ ಚಿತ್ರದ ಪ್ರಯೋಜನ ರಕ್ತಸ್ರಾವವನ್ನೂ ಮೂಳೆಯ ಮುರಿತವನ್ನೂ ಕಂಡುಹಿಡಿಯುವುದರಲ್ಲಿದೆ. 'ಚಿತ್ರ ಸರಿಯಾಗಿದೆ, ಆದ್ದರಿಂದ ಏನೂ ಆಗಿಲ್ಲ' ಎಂಬ ತೀರ್ಮಾನ ಸಾಧುವಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ಅಲುಗಾಟವೆಂಬ ನಂಬಿಕೆಯೂ ಹಾಗೆಯೇ ತಪ್ಪು. ಬಹುಪಾಲು ಪ್ರಸಂಗಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಬೆಳಕನ್ನೂ ಸದ್ದನ್ನೂ ಸಹಿಸಲಾರದಿರುವುದು, ಮರೆವು, ಸಿಡುಕು, ಇವೇ ಲಕ್ಷಣಗಳು. ಕೆಲವೊಮ್ಮೆ ಇವು ಗಂಟೆಗಳು ಕಳೆದ ಮೇಲೆ ತಲೆದೋರುತ್ತವೆ.

ಪೆಟ್ಟು ತಗುಲಿದೊಡನೆ ಮಾಡತಕ್ಕದ್ದೇನು? ಆಟಗಾರನನ್ನು ಕೂಡಲೇ ಮೈದಾನದಿಂದ ಹೊರಕ್ಕೆ ಕರೆತರಬೇಕು; ಆ ದಿನ ಮತ್ತೆ ಆಡಗೊಡಕೂಡದು. ಕತ್ತಿನಲ್ಲಿ ನೋವಿದ್ದರೆ, ಅಥವಾ ಎತ್ತರದಿಂದ ಬಿದ್ದಿದ್ದರೆ, ತಿಳಿದವರು ಬರುವ ತನಕ ಅಲುಗಿಸಬಾರದು. ಸಂದೇಹವಿದ್ದಲ್ಲಿ ಸುಲಭವಾದ ಕೆಲವು ಪ್ರಶ್ನೆಗಳು ನೆರವಾಗುತ್ತವೆ: ಇದು ಯಾವ ಮೈದಾನ? ಕೊನೆಯ ಗೋಲು ಹೊಡೆದವರು ಯಾರು? ಹಿಂದಿನ ಪಂದ್ಯ ಯಾರೊಡನೆ ಆಡಿದೆವು, ಗೆದ್ದೆವೋ ಸೋತೆವೋ? ಉತ್ತರ ತಡವರಿಸಿದರೆ ಸಂದೇಹ ಬಲವಾಯಿತೆಂದೇ ತಿಳಿಯಬೇಕು. ಉತ್ತರ ಸರಿಯಾಗಿದ್ದ ಮಾತ್ರಕ್ಕೆ ಸಂದೇಹ ತೊಲಗಿತೆಂದು ಭಾವಿಸಲಾಗದು.

ಮೊದಲ 24 ಗಂಟೆಗಳ ಕಾಲ ರೋಗಿಯನ್ನು ಒಂಟಿಯಾಗಿ ಬಿಡಬಾರದು. ತಲೆನೋವು ಹೆಚ್ಚುತ್ತ ಹೋಗುವುದು, ಮೇಲಿಂದ ಮೇಲೆ ವಾಂತಿ, ಸೆಳವು, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಕೈಕಾಲುಗಳ ಬಲಹೀನತೆ, ಎರಡು ಕಣ್ಣುಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಕಿವಿಗಳಿಂದ ತಿಳಿನೀರು ಅಥವಾ ರಕ್ತ, ಇವುಗಳಲ್ಲಿ ಯಾವೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ವೃದ್ಧರು, ಎಳೆಯ ಮಕ್ಕಳು ಇಂಥ ಚಿಹ್ನೆಗಳಿಲ್ಲದಿದ್ದರೂ ವೈದ್ಯರನ್ನು ಕಾಣತಕ್ಕದ್ದು. ತಲೆಬುರುಡೆಯೊಳಗೆ ರಕ್ತ ಸೋರುತ್ತಿರುವವನು ಮೊದಲು ಚೇತರಿಸಿಕೊಂಡಂತೆ ತೋರಿ, ಕೆಲವು ಗಂಟೆಗಳ ಮೇಲೆ ಕುಸಿಯುವುದುಂಟು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆಯಾದರೂ, ಮೈಸೂರು ಅಲ್ಲಿಂದ ಸುಮಾರು 120 ಕಿಲೋಮೀಟರು, ಮಂಗಳೂರು ಸುಮಾರು 140 ಕಿಲೋಮೀಟರು. ಮಳೆಗಾಲದ ಘಟ್ಟದ ದಾರಿಯನ್ನು ಬಲ್ಲವರಿಗೆ, ಬೆಳಗಾಗಲಿ ನೋಡೋಣವೆನ್ನುವುದರ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ನಿದ್ರೆಯ ವಿಚಾರದಲ್ಲಿ ಒಂದು ಮಾತು. ತಲೆಗೆ ಪೆಟ್ಟಾದವನನ್ನು ರಾತ್ರಿಯೆಲ್ಲ ಎಚ್ಚರವಾಗಿ ಕೂರಿಸಬೇಕೆಂಬ ರೂಢಿ ಅನೇಕ ಕಡೆ ಇದೆ. ಅಪಾಯದ ಚಿಹ್ನೆಗಳಿಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ ನಿದ್ರೆ ಹಾನಿಕರವಲ್ಲ, ಹಿತಕರ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮೊದಲ ಒಂದೆರಡು ದಿನ ವೈದ್ಯರನ್ನು ಕೇಳದೆ ಕೊಡಬಾರದು. ಮದ್ಯವೂ ವಾಹನ ಚಾಲನೆಯೂ ವರ್ಜ್ಯ.

ಇನ್ನು ವಿಶ್ರಾಂತಿಯ ಚರಿತ್ರೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ವಾರಗಟ್ಟಲೆ ಹಾಸಿಗೆಯಲ್ಲಿರಿಸುವುದು ವಾಡಿಕೆಯಾಗಿತ್ತು. 2001ರಲ್ಲಿ ವಿಯೆನ್ನಾದಲ್ಲಿ ಸೇರಿದ ಕ್ರೀಡಾ ವೈದ್ಯರ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು ಮೆಟ್ಟಿಲು ಮೆಟ್ಟಿಲಾಗಿ ಆಟಕ್ಕೆ ಮರಳುವ ಕ್ರಮವನ್ನು ವಿಧಿಸಿತಾದರೂ, ಲಕ್ಷಣಗಳೆಲ್ಲ ಮಾಯವಾಗುವ ತನಕ ಪೂರ್ಣ ವಿಶ್ರಾಂತಿಯನ್ನೇ ಹೇಳಿತು. ಈ ನಿಯಮವನ್ನು ಪ್ರಯೋಗದ ಒರೆಗೆ ಹಚ್ಚಿದಾಗ ಬೇರೆಯೇ ಫಲ ಬಂತು. 11ರಿಂದ 22 ವರ್ಷದವರನ್ನು ಕುರಿತು 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 5 ದಿನ ಕಟ್ಟುನಿಟ್ಟಾಗಿ ವಿಶ್ರಮಿಸಿದವರು ಒಂದೆರಡು ದಿನ ವಿಶ್ರಮಿಸಿ ಎದ್ದವರಿಗಿಂತ ತಡವಾಗಿ ಚೇತರಿಸಿಕೊಂಡರು. 2019ರ ಮತ್ತೊಂದರಲ್ಲಿ, ಮೊದಲ ವಾರದೊಳಗೇ ಹದವರಿತ ವ್ಯಾಯಾಮ ಆರಂಭಿಸಿದ ಹರೆಯದವರು 13 ದಿನಗಳಲ್ಲಿ ಗುಣ ಹೊಂದಿದರೆ, ಬರಿಯ ಮೈ ಸಡಿಲಿಸುವ ಚಲನೆಗಳನ್ನು ಮಾಡಿದವರಿಗೆ 17 ದಿನ ಬೇಕಾಯಿತು. 2021ರ ಅಧ್ಯಯನವೊಂದು ಮೊದಲ 48 ಗಂಟೆ ಮೊಬೈಲು, ಟೆಲಿವಿಷನ್ನುಗಳ ಪರದೆಯಿಂದ ದೂರವಿದ್ದವರು ಬೇಗ ಚೇತರಿಸಿಕೊಂಡುದನ್ನು ತೋರಿಸಿತು. ಈ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿದ 2022ರ ಆಮ್‌ಸ್ಟರ್‌ಡ್ಯಾಂ ಸಮ್ಮೇಳನ ಕತ್ತಲ ಕೋಣೆಯ ವಿಶ್ರಾಂತಿಯನ್ನು ಕೈಬಿಟ್ಟಿತು. ಮೊದಲ 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ, ಅಂದರೆ ಮನೆಯ ಸಣ್ಣಪುಟ್ಟ ಓಡಾಟ. ಅನಂತರ ಕ್ರಮಕ್ರಮವಾಗಿ ಚಟುವಟಿಕೆ ಎಂಬುದೇ ಇಂದಿನ ಸಿದ್ಧಾಂತ.

ಈ ಕ್ರಮದಲ್ಲಿ ಆರು ಮೆಟ್ಟಿಲುಗಳಿವೆ: ದೈನಂದಿನ ಹಗುರ ಚಟುವಟಿಕೆ, ನಡಿಗೆಯಿಂದ ತೊಡಗಿ ಮೆಲ್ಲನೆ ಏರುವ ವ್ಯಾಯಾಮ, ಒಂಟಿಯಾಗಿ ಓಟ ಮತ್ತು ಚೆಂಡಿನ ಅಭ್ಯಾಸ, ಮೈಗೆ ಮೈ ತಾಗದ ಸಾಮೂಹಿಕ ಅಭ್ಯಾಸ, ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ಮೊದಲ ಮೆಟ್ಟಿಲುಗಳಲ್ಲಿ ತಲೆನೋವು ತುಸು ಹೆಚ್ಚಿ ಒಂದು ಗಂಟೆಯೊಳಗೆ ಇಳಿದರೆ ಭಯವಿಲ್ಲ. ಅದಕ್ಕೂ ಮೀರಿದರೆ ಆ ದಿನಕ್ಕೆ ನಿಲ್ಲಿಸಿ ಮಾರನೆಯ ದಿನ ಪ್ರಯತ್ನಿಸಬೇಕು. ನಾಲ್ಕನೆಯ ಮೆಟ್ಟಿಲನ್ನೇರುವ ಮುನ್ನ ಲಕ್ಷಣಗಳೆಲ್ಲ ಅಳಿದು ವೈದ್ಯರ ಒಪ್ಪಿಗೆ ದೊರೆತಿರಬೇಕು. ವಿದ್ಯಾರ್ಥಿಗೆ ಮೊದಲು ಪಾಠ, ಆಮೇಲೆ ಆಟ: ಮನೆಯಲ್ಲಿ ಅಲ್ಪಕಾಲದ ಓದು, ಶಾಲೆಯಲ್ಲಿ ಅರ್ಧ ದಿನ, ತರುವಾಯ ಪೂರ್ಣ ದಿನ. ತೋಟದ ಕಾರ್ಮಿಕನಿಗೂ ಇದೇ ನ್ಯಾಯವನ್ನು ಅನ್ವಯಿಸಬಹುದು: ನೆಲದ ಮೇಲೆ ನಿಂತು ಮಾಡುವ ಹಗುರ ಕೆಲಸ ಮೊದಲು, ಮೂಟೆ ಹೊರುವುದು ಆಮೇಲೆ, ಏಣಿ ಹತ್ತುವುದು ಎಲ್ಲಕ್ಕೂ ಕೊನೆ. ತಲೆಸುತ್ತು ಉಳಿದಿರುವಾಗ ಏಣಿ ಹತ್ತಿಸುವುದು ಎರಡನೆಯ ಪೆಟ್ಟನ್ನು ಆಹ್ವಾನಿಸಿದಂತೆ. ದಿನಗೂಲಿಯವನಿಗೆ ಈ ಕಾಯುವಿಕೆ ಸುಲಭವಲ್ಲ. ಅವನಿಗೆ ಹಗುರ ಕೆಲಸವನ್ನು ಒದಗಿಸುವುದು ತೋಟದ ಯಜಮಾನರ ಹೊಣೆ. ವಯಸ್ಕರು ಸಾಮಾನ್ಯವಾಗಿ ಎರಡು ವಾರಗಳಲ್ಲಿಯೂ ಮಕ್ಕಳು ನಾಲ್ಕು ವಾರಗಳಲ್ಲಿಯೂ ಗುಣಮುಖರಾಗುತ್ತಾರೆ. ನಾಲ್ಕು ವಾರ ಮೀರಿದರೆ ಕತ್ತಿನ ಹಾಗೂ ಸಮತೋಲದ ವಿಶೇಷ ಚಿಕಿತ್ಸೆಗಾಗಿ ತಜ್ಞರ ಬಳಿಗೆ ಹೋಗಬೇಕು.

ಎರಡನೆಯ ಪೆಟ್ಟಿಗೆ ಇಷ್ಟೊಂದು ಅಂಜಿಕೆ ಏಕೆ? ಮಿದುಳಿನ ಆಯವ್ಯಯ ಸರಿಹೊಂದುವ ಮೊದಲೇ ಮತ್ತೊಂದು ಆಘಾತವಾದರೆ ಚೇತರಿಕೆ ಬಹಳ ನಿಧಾನವಾಗುತ್ತದೆ. ಎಳೆಯ ವಯಸ್ಸಿನವರಲ್ಲಿ ಅಪರೂಪವಾಗಿ ಮಿದುಳು ಊದಿಕೊಂಡು ಮರಣವೂ ಸಂಭವಿಸಿದೆ. ಸೋತವರು ಹೊರಬೀಳುವ ಪಂದ್ಯಾವಳಿಯಲ್ಲಿ ಒಕ್ಕದ ಮಾನವನ್ನು ಹೊತ್ತು ಆಡುವ ತರುಣ ತಾನಾಗಿ 'ನನಗೆ ತಲೆನೋವಿದೆ' ಎಂದು ಹೇಳಿಕೊಳ್ಳುವನೆಂದು ನಿರೀಕ್ಷಿಸುವುದು ಕಷ್ಟ. ತೀರ್ಮಾನವನ್ನು ಅವನ ಹೆಗಲಿಗೇರಿಸದೆ ಹಿರಿಯರೇ ವಹಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2019ರಿಂದ ಹೀಗೆ ಪೆಟ್ಟಾದವನಿಗೆ ಬದಲಿ ಆಟಗಾರನನ್ನು ಇಳಿಸಲು ನಿಯಮವೇ ಇದೆ. ಆ ವರ್ಷದ ಲಾರ್ಡ್ಸ್ ಪಂದ್ಯದಲ್ಲಿ ಸ್ಟೀವ್ ಸ್ಮಿತ್‌ಗೆ ಬದಲಾಗಿ ಮಾರ್ನಸ್ ಲಬುಷೇನ್ ಆಡಿದರು. ಹಾಕಿಯಲ್ಲಿ ಆಟಗಾರರನ್ನು ಬದಲಿಸಲು ಹೆಚ್ಚು ಅವಕಾಶವಿರುವುದರಿಂದ ಅಡ್ಡಿ ನಿಯಮದ್ದಲ್ಲ, ಮನಸ್ಸಿನದು.

ಇದು ಕೊಡಗಿನ ಸಂಪ್ರದಾಯಕ್ಕೆ ಹೊರತಾದ ಮಾತೂ ಅಲ್ಲ. ಬೆತ್ತ ಹಿಡಿದು ಕಾದಾಡುವ ಕೊಡವರ ಪರಿಯಕಳಿಯಲ್ಲಿ ಮೊಣಕಾಲಿನಿಂದ ಕೆಳಗೆ ಮಾತ್ರ ಹೊಡೆಯಬೇಕೆಂಬ ಕಟ್ಟಳೆ ಉಂಟು. ಪರಾಕ್ರಮವನ್ನು ಮೆರೆಯುವ ಆಟದಲ್ಲಿಯೇ ತಲೆಯನ್ನು ಕಾಯುವ ನಿಯಮವನ್ನು ಹಿರಿಯರು ಇಟ್ಟಿದ್ದರು. ಆ ವಿವೇಕವನ್ನು ಹಾಕಿಯ ಮೈದಾನಕ್ಕೂ ಮೆಣಸಿನ ತೋಟಕ್ಕೂ ವಿಸ್ತರಿಸುವುದಷ್ಟೇ ಈಗ ಆಗಬೇಕಾದ ಕಾರ್ಯ.