ಒಂದು ಆರ್ಮ್ ಬದಲಿಸಿದರೆ ಗಾಡಿಯೇ ಬದಲು

ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್ ಹಿಂದೆ ಒಂದು ವಿಚಿತ್ರ ಗಾಡಿ ನಿಂತಿರುವುದನ್ನು ನೀವು ನೋಡಿರಬಹುದು. ಬಾಗಿಲಿಲ್ಲ, ಗಾಜಿಲ್ಲ. ಪೈಪುಗಳ ಪಂಜರ, ಒಂದೇ ಸೀಟು, ನಾಲ್ಕು ದಪ್ಪ ಟೈರು. ಅದು ‘ಬಾಹಾ’ ಗಾಡಿ. 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ವಿದ್ಯಾರ್ಥಿ ಸ್ಪರ್ಧೆ 2007ರಲ್ಲಿ ಭಾರತಕ್ಕೂ ಬಂತು. ಇಂದೋರ್ ಹತ್ತಿರದ ಪೀಥಂಪುರದ ಟ್ರ್ಯಾಕಿನಲ್ಲಿ ಕಲ್ಲು, ಗುಂಡಿ, ದಿಬ್ಬಗಳ ಮೇಲೆ ಗಾಡಿ ನಾಲ್ಕು ಗಂಟೆ ಓಡಬೇಕು. ಎಂಜಿನ್ ಎಲ್ಲ ತಂಡಗಳಿಗೂ ಒಂದೇ ಬಗೆಯದು. ಹಾಗಾಗಿ ಗೆಲುವು ಸೋಲು ಉಳಿದ ಭಾಗಗಳ ಮೇಲೆ ನಿಂತಿರುತ್ತದೆ.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ನಾನು ಮೂರನೇ ವರ್ಷದಲ್ಲಿ ಇಂಥ ಒಂದು ತಂಡದ ಸಸ್ಪೆನ್ಷನ್ ವಿಭಾಗ ಸೇರಿದೆ. ಮನೆಯಲ್ಲಿ ಒಂದೇ ಮಾತು: ‘ಸುಮ್ನ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೋರ್ಸ್ ಮಾಡು’. ಕೋರ್ ಕಂಪನಿಯಲ್ಲಿ ಕೆಲಸ ಸಿಗುವುದೇ ಕಷ್ಟ, ಹುಡುಗಿಯರಿಗೆ ಇನ್ನೂ ಕಷ್ಟ ಎಂಬುದು ಅಪ್ಪನ ಲೆಕ್ಕ. ಒಂದು ವರ್ಷ ಟೈಮ್ ಕೇಳಿಕೊಂಡೆ.

ಸೀನಿಯರ್‌ಗಳಿಂದ ನಮಗೆ ಬಂದ ಗಾಡಿ ಓಡುತ್ತಿತ್ತು. ಆದರೆ ಎತ್ತರದಿಂದ ಹಾರಿ ಇಳಿದಾಗಲೆಲ್ಲ ಮುಂದಿನ ಕೆಳಗಿನ ಕಂಟ್ರೋಲ್ ಆರ್ಮ್ ಸ್ವಲ್ಪ ಸ್ವಲ್ಪವೇ ಬಾಗುತ್ತಿತ್ತು. ಕಂಟ್ರೋಲ್ ಆರ್ಮ್ ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು. ಇಂಗ್ಲಿಷಿನ ‘ಎ’ ಅಕ್ಷರದ ಆಕಾರ. ಎರಡು ಕಾಲು ಚಾಸಿಯ ಕಡೆ, ತುದಿ ಚಕ್ರದ ಕಡೆ. ಮೇಲೊಂದು, ಕೆಳಗೊಂದು. ಚಕ್ರ ಮೇಲೆ ಕೆಳಗೆ ಆಡುವಾಗ ಅದು ಯಾವ ದಾರಿಯಲ್ಲಿ ಆಡಬೇಕು ಎಂದು ಹೇಳುವವು ಇವೇ. ನಡು ಟ್ರ್ಯಾಕಿನಲ್ಲಿ ಇದು ಮುರಿದರೆ ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ಒಳಗೆ ಕೂತಿರುವವನು ನಮ್ಮದೇ ಕ್ಲಾಸಿನ ಹುಡುಗ.

‘ದಪ್ಪ ಪೈಪ್ ಹಾಕಿಬಿಡೋಣ’ ಎಂದಿತು ಅರ್ಧ ತಂಡ. ಸುಲಭದ ದಾರಿ. ಆದರೆ ದಪ್ಪ ಪೈಪ್ ಅಂದರೆ ಚಕ್ರದ ಜೊತೆ ಆಡುವ ಭಾಗಕ್ಕೆ ಹೆಚ್ಚು ತೂಕ. ತೂಕ ಹೆಚ್ಚಿದಷ್ಟೂ ಗುಂಡಿ ದಾಟಿದ ಮೇಲೆ ಚಕ್ರ ನೆಲಕ್ಕೆ ಮರಳುವುದು ತಡ. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನಮಗೆ ವೆಲ್ಡಿಂಗ್ ಮಾಡಿಕೊಡುತ್ತಿದ್ದ ಕಾಕಾ ಬಾಗಿದ ಆರ್ಮ್ ಕೈಗೆತ್ತಿಕೊಂಡು ನೋಡಿ, ‘ತಂಗಿ, ಪೈಪ್ ಎಳದ್ರ ಏನೂ ಆಗಂಗಿಲ್ಲ. ನಡುವ ಗುದ್ದಿದ್ರ ಬಾಗೇ ಬಾಗ್ತೈತಿ. ನಿಮ್ಮ ಶಾಕ್ ಎಲ್ಲಿ ಕುಂತೈತಿ ನೋಡ್ರಿ’ ಅಂದರು.

ಶಾಕ್ ಅಬ್ಸಾರ್ಬರ್ ಕೂತಿದ್ದದ್ದು ಆರ್ಮಿನ ಸರಿಯಾಗಿ ನಡುವೆ, ಅದೂ ಎರಡರಲ್ಲಿ ಒಂದೇ ಪೈಪಿನ ಮೇಲೆ. ಆರ್ಮಿನ ಉದ್ದ 400 ಮಿ.ಮೀ. ಶಾಕ್ ಚಾಸಿಯಿಂದ 200 ಮಿ.ಮೀ. ದೂರ, ಚಕ್ರದ ತುದಿಯ ಬಾಲ್ ಜಾಯಿಂಟಿನಿಂದಲೂ 200. ನೆಲ ಚಕ್ರವನ್ನು ಮೇಲಕ್ಕೆ ತಳ್ಳಿದಾಗ ಆರ್ಮ್ ಸನ್ನೆಕೋಲಿನಂತೆ ಆ 200 ಮಿ.ಮೀ. ತುಂಡಿನ ಮೇಲೆ ಬಾಗುತ್ತದೆ. ಶಾಕ್ ಅನ್ನು 40 ಮಿ.ಮೀ. ಹೊರಗೆ ಸರಿಸಿದರೆ ಆ ದೂರ 160ಕ್ಕೆ ಇಳಿಯುತ್ತದೆ, ಅಂದರೆ ಬಾಗಿಸುವ ಬಲ ಶೇ 20ರಷ್ಟು ಕಡಿಮೆ. ಎರಡೂ ಪೈಪುಗಳ ನಡುವೆ ಒಂದು ಅಡ್ಡ ಪೈಪ್ ಕೂಡಿಸಿ, ಅದರ ಮೇಲೆ ಶಾಕ್ ಕೂರಿಸಿದರೆ ಭಾರ ಇಬ್ಬರಿಗೂ ಹಂಚುತ್ತದೆ. ಅದೇ ದಪ್ಪದ ಪೈಪ್ ಸಾಕು.

ಇಲ್ಲಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ನಿಜವಾಗಿ ಶುರುವಾಗಿದ್ದೇ ಇಲ್ಲಿಂದ.

ಶಾಕ್ ಎಷ್ಟು ಚಲಿಸುತ್ತದೆ, ಚಕ್ರ ಎಷ್ಟು ಚಲಿಸುತ್ತದೆ ಎಂಬ ಅನುಪಾತಕ್ಕೆ ‘ಮೋಷನ್ ರೇಷಿಯೊ’ ಎನ್ನುತ್ತಾರೆ. ಶಾಕ್ ನೇರ ನಿಂತಿದೆ ಎಂದುಕೊಂಡರೆ ನಮ್ಮದು ಮೊದಲು 0.5 ಇತ್ತು, ಈಗ 0.6 ಆಯಿತು. ಶಾಕ್‌ನ ಆಟ 120 ಮಿ.ಮೀ. ಮೊದಲು ಚಕ್ರ 240 ಮಿ.ಮೀ. ಆಡುತ್ತಿತ್ತು, ಈಗ 200 ಮಾತ್ರ. ಇನ್ನೊಂದು ಕಡೆ, ಚಕ್ರಕ್ಕೆ ಸಿಗುವ ಸ್ಪ್ರಿಂಗಿನ ಬಿಗಿ ಈ ಅನುಪಾತದ ವರ್ಗಕ್ಕೆ ತಕ್ಕಂತೆ ಏರುತ್ತದೆ. 0.5ರ ವರ್ಗ 0.25, 0.6ರ ವರ್ಗ 0.36. ಅಂದರೆ ಸ್ಪ್ರಿಂಗ್ ಮುಟ್ಟದೆಯೇ ಮುಂದಿನ ಸಸ್ಪೆನ್ಷನ್ ಶೇ 44ರಷ್ಟು ಗಡುಸಾಯಿತು! ನಮ್ಮದು ಗಾಳಿ ತುಂಬುವ ಶಾಕ್ ಆದ್ದರಿಂದ ಕೈಪಂಪ್ ಹಿಡಿದು ಒತ್ತಡ ಇಳಿಸುತ್ತಾ ಹೋದೆವು. ಕಬ್ಬಿಣದ ಸ್ಪ್ರಿಂಗ್ ಇದ್ದಿದ್ದರೆ ಸುಮಾರು ಶೇ 30ರಷ್ಟು ಮೆದುವಾದ ಹೊಸ ಸ್ಪ್ರಿಂಗನ್ನೇ ತರಬೇಕಿತ್ತು.

ಮುಂದಿನದು ಜಾಗದ ಪ್ರಶ್ನೆ. ಶಾಕ್ ಮೇಲಿನ ಆರ್ಮಿನ ಎರಡು ಕಾಲುಗಳ ನಡುವಿನಿಂದ ಹಾದುಹೋಗುತ್ತದೆ. ಹೊರಗೆ ಸರಿದಂತೆ ‘ಎ’ ಆಕಾರ ಕಿರಿದಾಗುವುದರಿಂದ ಶಾಕ್ ಅಲ್ಲಿ ತಾಗುತ್ತದೆ. ಹೀಗಾಗಿ ಮೇಲಿನ ಆರ್ಮನ್ನೂ ಅಗಲ ಮಾಡಿ ಹೊಸದಾಗಿ ಕಟ್ಟಬೇಕಾಯಿತು. ಆದರೆ ಅದರ ಬಾಲ್ ಜಾಯಿಂಟ್ ಮಾತ್ರ ಹಳೆಯ ಜಾಗದಲ್ಲೇ ಇರಬೇಕು. ಅದು ಒಳಗೋ ಹೊರಗೋ ಸರಿದರೆ ಚಕ್ರ ನಿಲ್ಲುವ ಓರೆ, ಅಂದರೆ ‘ಕ್ಯಾಂಬರ್’ ಬದಲಾಗುತ್ತದೆ. ಹಿಂದೆ ಮುಂದೆ ಸರಿದರೆ ‘ಕ್ಯಾಸ್ಟರ್’ ಬದಲಾಗಿ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕೆಡುತ್ತದೆ.

ವೆಲ್ಡಿಂಗ್ ಶಾಖಕ್ಕೆ ಪೈಪ್ ಎಳೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಅದಕ್ಕೆ ದಪ್ಪ ಪ್ಲೇಟಿನ ಮೇಲೆ ಜಿಗ್ ಮಾಡಿ, ಬುಷ್ ಮತ್ತು ಬಾಲ್ ಜಾಯಿಂಟ್ ಮನೆಗಳನ್ನು ಬೋಲ್ಟ್ ಹಾಕಿ ಕಟ್ಟಿ, ಮೊದಲು ಎಲ್ಲ ಕಡೆ ಟ್ಯಾಕ್ ಕೊಟ್ಟು, ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪವೇ ಬೆಸುಗೆ ಹಾಕಿದರು ಕಾಕಾ. ಆರಿದ ಮೇಲೆಯೇ ಜಿಗ್‌ನಿಂದ ಬಿಚ್ಚಿದ್ದು.

ಕೊನೆಯ ಪರೀಕ್ಷೆ ‘ಬಂಪ್ ಸ್ಟಿಯರ್’. ಸ್ಟೀರಿಂಗ್‌ನ ಟೈ ರಾಡ್ ಮತ್ತು ಆರ್ಮ್‌ಗಳು ಹೊಂದಿಕೊಂಡು ಆಡದಿದ್ದರೆ, ಸ್ಟೀರಿಂಗ್ ತಿರುಗಿಸದೆಯೇ ಗುಂಡಿಗೆ ಇಳಿದ ಚಕ್ರ ತಾನೇ ಪಕ್ಕಕ್ಕೆ ತಿರುಗುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಶಾಕ್ ಬಿಚ್ಚಿ, ಸ್ಟೀರಿಂಗ್ ಕಟ್ಟಿಹಾಕಿ, ಜ್ಯಾಕ್‌ನಿಂದ ಚಕ್ರವನ್ನು 20 ಮಿ.ಮೀ.ನಂತೆ ಎತ್ತುತ್ತಾ, ಪ್ರತಿ ಸಲವೂ ಹಬ್‌ನ ಮುಂದಿನ ಮತ್ತು ಹಿಂದಿನ ಅಂಚಿನಿಂದ ಪಕ್ಕದಲ್ಲಿ ನಿಲ್ಲಿಸಿದ ಪ್ಲೈವುಡ್‌ಗೆ ಇರುವ ದೂರ ಅಳೆದೆವು. ಎರಡೂ ಅಳತೆ ಒಟ್ಟಿಗೆ ಏರಿಳಿದರೆ ಸರಿ. ವ್ಯತ್ಯಾಸ ಕಂಡಲ್ಲಿ ಟೈ ರಾಡ್ ತುದಿಗೆ ತೆಳು ವಾಷರ್ ಸೇರಿಸಿ ಎತ್ತರ ಹೊಂದಿಸಿದೆವು. ಎರಡು ಸಂಜೆ ಅದರಲ್ಲೇ ಹೋಯಿತು.

ಒಂದು ಎಚ್ಚರಿಕೆ. ಇದು ಸ್ಪರ್ಧೆಯ ಗಾಡಿ, ರಸ್ತೆಗೆ ಇಳಿಯುವುದಿಲ್ಲ. ಮನೆಯ ಜೀಪಿಗೆ ಹೀಗೆಲ್ಲ ಮಾಡಲು ಹೊರಡಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಪೀಥಂಪುರದಲ್ಲಿ ನಮಗೆ ಬಹುಮಾನ ಬರಲಿಲ್ಲ. ಆದರೆ ನಾಲ್ಕು ಗಂಟೆ ಮುಗಿದ ಮೇಲೆ ಕೆಸರು ಒರೆಸಿ ಸ್ಕೇಲ್ ಇಟ್ಟು ನೋಡಿದಾಗ ನಾಲ್ಕೂ ಮುಂದಿನ ಆರ್ಮ್‌ಗಳು ನೇರವಾಗಿದ್ದವು.

ಆಮೇಲೆ ಪುಣೆಯ ಒಂದು ಬಿಡಿಭಾಗ ತಯಾರಿಕಾ ಕಂಪನಿಯ ಸಂದರ್ಶನ. ನನ್ನ ಅಂಕಗಳ ಬಗ್ಗೆ ಒಂದು ನಿಮಿಷ, ಈ ಆರ್ಮ್ ಬಗ್ಗೆ ಇಪ್ಪತ್ತು ನಿಮಿಷ. ‘0.6 ಯಾಕೆ? 0.7 ಯಾಕೆ ಬೇಡ?’ ಎಂದು ಕೇಳಿದರು. ‘ಸರ್, 0.7 ಮಾಡಿದರೆ ಚಕ್ರದ ಆಟ 171 ಮಿ.ಮೀ.ಗೆ ಇಳಿಯುತ್ತದೆ, ನಮ್ಮ ಟ್ರ್ಯಾಕಿಗೆ 200 ಬೇಕಿತ್ತು’ ಎಂದೆ. ಕಾಗದ ಕೊಟ್ಟು ಚಿತ್ರ ಬರೆಸಿದರು. ಪ್ರತಿ ಅಂಕಿಯ ಹಿಂದಿನ ಕಾರಣ ನನ್ನ ನೋಟ್‌ಬುಕ್‌ನಲ್ಲಿ ಇದ್ದುದರಿಂದ ತಡವರಿಸುವ ಪ್ರಶ್ನೆಯೇ ಬರಲಿಲ್ಲ. ಈಗ ಅಲ್ಲೇ ಟ್ರೇನಿ ಎಂಜಿನಿಯರ್. ಸಂಬಳ ಐಟಿಗೆ ಹೋದ ಗೆಳತಿಯರಿಗಿಂತ ಕಡಿಮೆ, ನಿಜ. ಆದರೂ ಅಪ್ಪ ಕೋರ್ಸಿನ ಮಾತು ನಿಲ್ಲಿಸಿದ್ದಾರೆ.

ಡಿಪ್ಲೊಮಾ, ಐಟಿಐ, ಬಿ.ಇ. ಯಾವುದೇ ಓದುತ್ತಿರಿ, ಕಾಲೇಜಿನಲ್ಲಿ ಇಂಥ ತಂಡವಿದ್ದರೆ ಸೇರಿಕೊಳ್ಳಿ. ಮೊದಲ ವರ್ಷ ಸ್ಪ್ಯಾನರ್ ಎತ್ತಿಕೊಡುವ ಕೆಲಸವೇ ಸಿಕ್ಕರೂ ಪರವಾಗಿಲ್ಲ. ‘ಪ್ರಾಜೆಕ್ಟ್ ಮಾಡಿದ್ದೇನೆ’ ಎಂಬ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಏನು ಬದಲಿಸಿದಿರಿ, ಯಾಕೆ ಬದಲಿಸಿದಿರಿ, ಅದರಿಂದ ಇನ್ನೇನೇನು ಬದಲಾಯಿತು, ಮೊದಲಿನ ಅಳತೆ ಎಷ್ಟು, ಆಮೇಲಿನದು ಎಷ್ಟು ಎಂದು ಅಂದಂದೇ ಬರೆದಿಡಿ. ನನಗೆ ಕೆಲಸ ಕೊಡಿಸಿದ್ದು ಗ್ರೀಸ್ ಕಲೆಯಾದ ಅಂಥದ್ದೇ ಒಂದು 200 ಪುಟಗಳ ನೋಟ್‌ಬುಕ್.