ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಅಲ್ಲಾಡದು!

ಟೊಮೇಟೊ ತುಂಬಿದ ಲಾರಿ ಮಂಡಿಗೆ ಹೊರಡಬೇಕು. ಕೀಲಿ ತಿರುವಿದರೆ ಸ್ಟಾರ್ಟರ್ ಗಿರ್ರನೆ ಸುತ್ತುತ್ತದೆ. ಇಂಜಿನ್ ಮಾತ್ರ ಅಲ್ಲಾಡದು. ಹೊಸ ಬ್ಯಾಟರಿಗೆ ಓಡಬೇಡಿ. ಮೋಟಾರು ಜೋರಾಗಿ ಸುತ್ತುತ್ತಿದ್ದರೆ ಕರೆಂಟು ಬರುತ್ತಿದೆ ಎಂದೇ ಅರ್ಥ.

ಸ್ಟಾರ್ಟರಿನ ಚಿಕ್ಕ ಹಲ್ಲುಗಾಲಿ ಮುಂದೆ ಸರಿದು ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡರೇನೇ ಇಂಜಿನ್ ತಿರುಗೋದು. ಹಳೆಯ ಬೆಂಡಿಕ್ಸ್ ಬಗೆಯಲ್ಲಿ ಈ ಗಾಲಿ ತಿರುಪಿನ ಮೇಲೆ ಓಡುತ್ತದೆ. ಅಲ್ಲಿ ಧೂಳು, ಜಿಡ್ಡು ಕಟ್ಟಿದರೆ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ಸ್ಟಾರ್ಟರ್ ಇಳಿಸಿ, ತಿರುಪನ್ನಷ್ಟೇ ಸೀಮೆಎಣ್ಣೆಯಿಂದ ತೊಳೆದು ಒಣಗಿಸಿ. ಗ್ರೀಸ್ ಬೇಡ; ಧೂಳು ಮತ್ತೆ ಅಂಟುತ್ತದೆ. ಸೊಲೆನಾಯ್ಡ್ ಬಗೆಯಲ್ಲಿ ಒಳಗಿನ ಕ್ಲಚ್ಚು ಸವೆದಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಕರಕರ ಸದ್ದು ಬಂದರೆ ಕೂಡಲೇ ನಿಲ್ಲಿಸಿ. ಹಟ ಹಿಡಿದು ತಿರುವಿದರೆ ಫ್ಲೈವೀಲಿನ ಹಲ್ಲೇ ಹೋದೀತು. ಆಗ ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದಂತಾದೀತು.