ಚಿಟಿಕೆಯ ಲೆಕ್ಕ

2018ರ ಬೇಸಿಗೆ. ‘ಅವೆಂಜರ್ಸ್: ಇನ್ಫಿನಿಟಿ ವಾರ್’ ರಾತ್ರಿ ಆಟ ಮುಗಿಸಿ ಮನೆಗೆ ಬಂದಾಗ ಅಮ್ಮ ಇನ್ನೂ ಮಲಗಿರಲಿಲ್ಲ. ಕಾಸಿದ ಹಾಲು ಉಗುರುಬೆಚ್ಚಗಾಗಲಿ ಎಂದು ಕಾಯುತ್ತಿದ್ದಳು. ‘ಏನೋ ಕಥೆ?’ ಅಂದಳು. ಥಾನೋಸ್ ಎಂಬುವನು ಚಿಟಿಕೆ ಹೊಡೆದ, ವಿಶ್ವದ ಅರ್ಧ ಜೀವಿಗಳು ಬೂದಿಯಾಗಿ ಉದುರಿಹೋದವು ಎಂದೆ. ಅವಳು ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ಕಲಕುತ್ತ, ‘ಅರ್ಧ ತಾನೆ? ಮತ್ತೆ ತುಂಬ್ಕೊಳ್ತಾವೆ ಬಿಡು’ ಎಂದು ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಆ ಮಾತು ನನಗೆ ನಿದ್ದೆ ಬರಗೊಡಲಿಲ್ಲ. ಅವಳ ಆ ಒಂದು ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿದ್ದವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಹೆಪ್ಪುಗಟ್ಟಿಸುತ್ತವೆ. ಅವುಗಳಲ್ಲಿ ಅರ್ಧ ಮಾಯವಾದರೂ ಇನ್ನೊಂದು ಸಲ ಇಮ್ಮಡಿಯಾದರೆ ಲೆಕ್ಕ ಸರಿಹೋಗುತ್ತದೆ. ಅನುಕೂಲ ಸಿಕ್ಕರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಇಮ್ಮಡಿಯಾಗಲು 20 ನಿಮಿಷ ಸಾಕು. ಚಿತ್ರದ ಕೊನೆಯಲ್ಲಿ ಥಾನೋಸ್ ತನ್ನ ಗುಡಿಸಲಿನ ಮುಂದೆ ಕೂತು ಸೂರ್ಯೋದಯ ನೋಡಿ ಮುಗಿಸುವಷ್ಟರಲ್ಲಿ ಅವುಗಳ ಪಾಲಿಗೆ ಏನೂ ಆಗಿರುವುದಿಲ್ಲ.

ಮನುಷ್ಯರ ಲೆಕ್ಕ? ಆಗ ಭೂಮಿಯ ಮೇಲಿದ್ದವರು ಸುಮಾರು 760 ಕೋಟಿ. ಅರ್ಧ ಕಳೆದರೆ 380 ಕೋಟಿ. ಭೂಮಿಯಲ್ಲಿ ಅಷ್ಟೇ ಜನ ಇದ್ದದ್ದು ಶಿಲಾಯುಗದಲ್ಲಲ್ಲ, 1970ರ ದಶಕದ ಆರಂಭದಲ್ಲಿ. ನಮ್ಮ ರಾಜ್ಯದ ಅಂಕಿಯೂ ಹಾಗೇ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ, ಅರ್ಧವೆಂದರೆ 3.05 ಕೋಟಿ. 1971ರಲ್ಲಿ ಇಲ್ಲಿದ್ದವರು 2.93 ಕೋಟಿ. ಆ ಚಿಟಿಕೆಗೆ ಶಕ್ತಿ ಕೊಡುವ ಆರು ಮಣಿಗಳಿಗಾಗಿ ಗ್ರಹದಿಂದ ಗ್ರಹಕ್ಕೆ ಅಲೆದು, ಸಾಕುಮಗಳನ್ನೇ ಬಲಿಕೊಟ್ಟು ಥಾನೋಸ್ ಸಾಧಿಸಿದ್ದು ಇಷ್ಟು: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಕಾಲದ ಆಸುಪಾಸಿಗೆ ನಮ್ಮನ್ನು ಕೊಂಡೊಯ್ದು ಬಿಟ್ಟ. ಅಮ್ಮ ಹುಟ್ಟಿದಾಗ ಜಗತ್ತಿನಲ್ಲಿ ಅದಕ್ಕಿಂತಲೂ ಕಡಿಮೆ ಜನರಿದ್ದರು. ಇದರಿಂದ ಸತ್ತವರ ಮನೆಯ ದುಃಖ ಕಡಿಮೆಯಾಗುವುದಿಲ್ಲ, ನಿಜ. ಆದರೆ ವಿಶ್ವಕ್ಕೇ ಬಂದ ಮಹಾವಿಪತ್ತು ಎಂದು ಚಿತ್ರ ತೋರಿಸಿದ್ದು ಒಂದು ಆಯಸ್ಸಿನೊಳಗೆ ಹಿಡಿಸುವ ಕಾಲ.

ಸೂಪರ್‌ಹೀರೋ ಚಿತ್ರಗಳೆಂದರೆ ನನಗೆ ಚಿಕ್ಕಂದಿನಿಂದ ಜೀವ. ‘ಎಲ್ಲಾ ಸುಳ್ಳು’ ಎಂದು ಮೂಗು ಮುರಿಯುವವರ ಜೊತೆ ನಾನು ಸೇರುವವನಲ್ಲ. ಆ ಸುಳ್ಳು ಸಾಲದು ಎಂಬುದೇ ನನ್ನ ದೂರು. ಜಗತ್ತನ್ನು ಅಲ್ಲಾಡಿಸುತ್ತೇವೆಂದು ಹೊರಡುವ ಈ ಚಿತ್ರಗಳು ನಿಜವಾದ ಜಗತ್ತಿನ ಅಳತೆಗೆ ಬರುವಾಗ ಕೈ ಬಿಗಿಹಿಡಿಯುತ್ತವೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದ ನೆಲ ಬಾಯಿಬಿಟ್ಟು ಲಕ್ಷಾಂತರ ವರ್ಷ ಲಾವಾ ಉಕ್ಕಿತು. ಕಡಲ ಜೀವಿಗಳ ಪ್ರಭೇದಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅಳಿದವು. ಅಳಿದದ್ದು ಅರ್ಧ ಮೀನುಗಳಲ್ಲ, ಕುಲಕ್ಕೆ ಕುಲವೇ. ಕುಲವೇ ಹೋದಮೇಲೆ ಹೆಪ್ಪು ಹಾಕಲು ಒಂದು ಚಮಚವೂ ಉಳಿಯುವುದಿಲ್ಲ.

ಇನ್ನು ಗ್ರಹ ಸಿಡಿಸುವ ಮಾತು. 1977ರ ‘ಸ್ಟಾರ್ ವಾರ್ಸ್’ನಲ್ಲಿ ಡೆತ್ ಸ್ಟಾರ್ ಎಂಬ ಯುದ್ಧನೆಲೆಯಿಂದ ಹಸಿರು ಕಿರಣ ಹೊರಟು ಆಲ್ಡರಾನ್ ಗ್ರಹ ರೆಪ್ಪೆ ಬಡಿಯುವುದರೊಳಗೆ ಪುಡಿಯಾಗುತ್ತದೆ. ಗ್ರಹ ಮಡಕೆಯಲ್ಲ, ಒಡೆದರೆ ಸಾಲದು. ಚೂರುಗಳನ್ನು ಅದರ ಗುರುತ್ವ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದೊಂದು ಹಿಡಿ ಮಣ್ಣನ್ನೂ ತಿರುಗಿ ಬೀಳದಷ್ಟು ದೂರ ಎಸೆಯಬೇಕು. 2023ರಲ್ಲಿ ಸುಮಾರು 3,900 ಕೆ.ಜಿ. ತೂಕದ ಚಂದ್ರಯಾನ-3ನ್ನು ಎತ್ತಿದ ರಾಕೆಟ್ಟಿನ ತೂಕ 640 ಟನ್. ಅದೂ ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳುವಷ್ಟಲ್ಲ, ಸುತ್ತ ಒಂದು ಉದ್ದನೆಯ ಕಕ್ಷೆಗೆ ಸೇರಿಸುವಷ್ಟು. ಇಡೀ ಭೂಮಿಯನ್ನೇ ಹೀಗೆ ಎತ್ತಿ ಎಸೆಯಲು ಬೇಕಾದ ಶಕ್ತಿಯನ್ನು ಲೆಕ್ಕ ಹಾಕಿದರೆ, ಸೂರ್ಯ ಒಂದು ವಾರ ಎಲ್ಲ ದಿಕ್ಕಿಗೂ ಚೆಲ್ಲುವ ಶಕ್ತಿಯನ್ನೆಲ್ಲ ಒಂದೂ ಹನಿ ಬಿಡದೆ ಕೂಡಿಡಬೇಕು. ಸೂರ್ಯ ಒಂದೇ ಸೆಕೆಂಡಿನಲ್ಲಿ ಚೆಲ್ಲುವುದು ಮನುಕುಲ ಈಗಿನ ವೇಗದಲ್ಲಿ ಖರ್ಚು ಮಾಡಿದರೂ ಆರು ಲಕ್ಷ ವರ್ಷಕ್ಕೆ ಸಾಕು. ಅಂಥ ಸೆಕೆಂಡುಗಳು ವಾರಕ್ಕೆ ಆರು ಲಕ್ಷಕ್ಕೂ ಮಿಕ್ಕಿವೆ.

ಈ ಲೆಕ್ಕ ಚಿತ್ರದಲ್ಲಿಲ್ಲ. ಆದರೂ ಆ ದೃಶ್ಯ ನನ್ನನ್ನು ತಟ್ಟಿತು, ಏಕೆಂದರೆ ಅದನ್ನು ನೋಡುತ್ತ ರಾಜಕುಮಾರಿ ಲೇಯಾ ನಿಂತಿದ್ದಳು. ಸಿಡಿದದ್ದು ಅವಳ ತವರು. 2015ರ ‘ದ ಫೋರ್ಸ್ ಅವೇಕನ್ಸ್’ನಲ್ಲಿ ಒಂದೇ ಏಟಿಗೆ ಹಲವು ಗ್ರಹಗಳು ಉರಿದುಹೋದವು. ಅಲ್ಲಿ ನಮಗೆ ಗುರುತಿದ್ದವರು ಒಬ್ಬರೂ ಇರಲಿಲ್ಲ. ನನಗೆ ಆಲ್ಡರಾನ್ ನೆನಪಿದೆ, ಆ ಗ್ರಹಗಳಲ್ಲಿ ಒಂದರ ಹೆಸರೂ ನೆನಪಿಲ್ಲ.

ಅಂಕಿ ಎದೆಗೆ ಬಂದು ಬಡಿಯುವುದು ಹೇಗೆಂದು ನೋಡಬೇಕಾದರೆ 2014ರ ‘ಇಂಟರ್‌ಸ್ಟೆಲ್ಲರ್’ ನೋಡಬೇಕು. ಗಾರ್ಗಾಂಚುವಾ ಎಂಬ ಕಪ್ಪುಕುಳಿಯ ಮಗ್ಗುಲಲ್ಲಿರುವ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಭಾಗಿಸಿ ನೋಡಿ: ಅಲ್ಲಿನ ಒಂದು ಸೆಕೆಂಡಿಗೆ ಇಲ್ಲಿ 17 ಗಂಟೆ. ಅಲ್ಲಿ ಒಬ್ಬ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇಲ್ಲಿ ಅಮ್ಮ ಎರಡು ಸಲ ಹಾಲಿಗೆ ಹೆಪ್ಪು ಹಾಕಿರುತ್ತಾಳೆ. ಇದು ಬಾಯಿಗೆ ಬಂದ ಅಂಕಿಯಲ್ಲ. ಚಿತ್ರಕ್ಕೆ ವಿಜ್ಞಾನ ಸಲಹೆಗಾರರಾಗಿದ್ದ ಕಿಪ್ ಥಾರ್ನ್ ಕೂತು ಲೆಕ್ಕ ಹಾಕಿದರು. ಹತ್ತು ಕೋಟಿ ಸೂರ್ಯರಷ್ಟು ತೂಗುವ ಆ ಕಪ್ಪುಕುಳಿ, ಪ್ರಕೃತಿ ಒಪ್ಪುವ ಗರಿಷ್ಠ ವೇಗಕ್ಕೆ ಕೋಟಿಯ ಕೋಟಿಯಲ್ಲಿ ಒಂದು ಪಾಲಿನಷ್ಟೇ ಕಡಿಮೆ ವೇಗದಲ್ಲಿ ಗಿರಗಿರನೆ ತಿರುಗುತ್ತಿದ್ದರೆ ಇದು ಸಾಧ್ಯ ಎಂಬ ಉತ್ತರ ಬಂತು. 2017ರಲ್ಲಿ ಅವರಿಗೆ ನೊಬೆಲ್ ಬಂದದ್ದು ಗುರುತ್ವದ ಅಲೆಗಳ ಪತ್ತೆಗೆ.

ಆಮೇಲೆ ಆ ದೃಶ್ಯ. ಆ ಗ್ರಹದಲ್ಲಿ ಮೂರು ಗಂಟೆ ಚಿಲ್ಲರೆ ಕಳೆದು ಚಿತ್ರದ ನಾಯಕ ಕೂಪರ್ ನೌಕೆಗೆ ಮರಳುತ್ತಾನೆ. ಅಲ್ಲೇ ಉಳಿದಿದ್ದ ಗೆಳೆಯನ ಗಡ್ಡ ನರೆತಿದೆ. ಭೂಮಿಯಿಂದ ಬಂದ 23 ವರ್ಷಗಳ ಸಂದೇಶಗಳು ಕಾದಿವೆ. ಅವನು ಪರದೆಯ ಮುಂದೆ ಕೂರುತ್ತಾನೆ. ಹುಡುಗನಾಗಿದ್ದ ಮಗ ಮಾತಾಡುತ್ತಾನೆ, ಮುಂದಿನ ಸಂದೇಶದಲ್ಲಿ ದೊಡ್ಡವನಾಗಿದ್ದಾನೆ, ಆಮೇಲೆ ತೋಳಿನಲ್ಲಿ ಕೂಸು, ಆಮೇಲೆ ಆ ಕೂಸೂ ಇಲ್ಲ. ಕ್ಯಾಮೆರಾ ಅಪ್ಪನ ಮುಖ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ನಾನು ನೋಡಿದ ಯಾವ ಸೂಪರ್‌ಹೀರೋ ಕಾಳಗವೂ ಈ ಕೆಲವು ನಿಮಿಷಗಳಷ್ಟು ದೊಡ್ಡದಲ್ಲ.

ಇಲ್ಲೂ ನಿಜದ ಜಗತ್ತು ಒಂದು ಕೈ ಮೇಲೆ. 2019ರ ಏಪ್ರಿಲ್‌ನಲ್ಲಿ ಎಂ87 ನಕ್ಷತ್ರಲೋಕದ ಕಪ್ಪುಕುಳಿಯ ಚಿತ್ರ ಬಂತು. ಅದರ ತೂಕ 650 ಕೋಟಿ ಸೂರ್ಯರಷ್ಟು, ಅಂದರೆ 65 ಗಾರ್ಗಾಂಚುವಾ. ಇನ್ನು ಕಾಲ ಹಿಗ್ಗುವುದನ್ನು ನೋಡಲು ಕಪ್ಪುಕುಳಿಯವರೆಗೆ ಹೋಗಬೇಕಾಗಿಯೂ ಇಲ್ಲ. ಜಿಪಿಎಸ್ ಉಪಗ್ರಹಗಳ ಗಡಿಯಾರ ನಮ್ಮ ಗಡಿಯಾರಕ್ಕಿಂತ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು ಮುಂದೋಡುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು ಹತ್ತು ಕಿ.ಮೀ. ತಪ್ಪು. ಮಲ್ಲೇಶ್ವರದಲ್ಲಿ ನಿಂತ ಆಟೋವನ್ನು ಫೋನು ಜಯನಗರದಲ್ಲಿ ತೋರಿಸೀತು.

ಗಗನಯಾತ್ರಿಗಳ ಕಥೆಯಾದ ‘ಗ್ರಾವಿಟಿ’ಯನ್ನೂ (2013) ಬಿಡಲಾರೆ. ಬಾಹ್ಯಾಕಾಶ ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕಲು ಹೆಚ್ಚುಕಡಿಮೆ ಒಂದೂವರೆ ಗಂಟೆ. ಚಿತ್ರದ ಅವಧಿ 91 ನಿಮಿಷ. ದೀಪ ಆರಿಸಿ ಹತ್ತಿಸುವಷ್ಟರಲ್ಲಿ ತಲೆಯ ಮೇಲೆ ನಿಜವಾದ ಗಗನಯಾತ್ರಿಗಳು ಭೂಮಿಯನ್ನು ಒಂದು ಸುತ್ತು ಬಂದಿರುತ್ತಾರೆ. ಬೆಂಗಳೂರಿನಿಂದ ಮೈಸೂರಿನಷ್ಟು ದೂರ ಅವರಿಗೆ 19 ಸೆಕೆಂಡು.

‘ಇನ್ಫಿನಿಟಿ ವಾರ್’ ಆದ ಮುಂದಿನ ವರ್ಷ ಅದರ ಮುಂದುವರಿಕೆ ‘ಎಂಡ್‌ಗೇಮ್’ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಬೂದಿಯಾದವರೆಲ್ಲ ಮರಳಿ ಬಂದರು, ಅವಳು ನನ್ನ ಕಡೆ ತಿರುಗಿ ನೋಡಿದಳು. 181 ನಿಮಿಷದ ಚಿತ್ರ. ಜಾಹೀರಾತು, ಟ್ರೈಲರ್, ಇಂಟರ್ವಲ್ ಸೇರಿ ನಾವು ಕೂತಿದ್ದು ಮೂರು ಗಂಟೆ 35 ನಿಮಿಷ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ.ಗೆ ತುಸು ಕಡಿಮೆ ವೇಗದಲ್ಲಿ ಓಡುತ್ತದೆ. ಗುಣಿಸಿದರೆ 3.84 ಲಕ್ಷ ಕಿ.ಮೀ. ಇಲ್ಲಿಂದ ಚಂದ್ರನಿಗಿರುವ ಸರಾಸರಿ ದೂರವೂ ಅಷ್ಟೇ. ಥಿಯೇಟರಿನ ಮೆಟ್ಟಿಲಿಳಿಯುತ್ತ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಕಂಬಿ ಹಿಡಿದು ಅಲ್ಲೇ ನಿಂತಳು.

‘ಒಂಚೂರೂ ಗೊತ್ತಾಗ್ಲಿಲ್ವಲ್ಲೋ’ ಅಂದಳು.